ಮನೆಯ ವರ್ಕ್‌ಶಾಪಿಗೆ ಶಬ್ದ ಕಡಿಮೆ ಇರುವ ಸಣ್ಣ ಏರ್ ಕಂಪ್ರೆಸರ್: ಕರಾವಳಿಯವರು ಆರಿಸುವುದು ಹೇಗೆ?

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಸಣ್ಣ ಕಂಪ್ರೆಸರ್ ಉಂಟಾ?" ಅಂತ ಕೇಳಿ ನೋಡಿ. ಅಂಗಡಿಯವರು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ ಬೇಕು?" ನೀವು "ಒಂದು", "ಎರಡು" ಅಂತ ಬಾಯಿಗೆ ಬಂದದ್ದು ಹೇಳಿದರೆ ಅದೇ ಬಿಲ್ ಆಗಿಬಿಡುತ್ತದೆ. ಎಚ್‌ಪಿ ಅನ್ನುವುದು ಮೋಟರಿನ ಲೆಕ್ಕ. ನಿಮ್ಮ ಟೂಲಿಗೆ ಗಾಳಿ ಸಾಕಾಗುತ್ತದಾ, ಪಕ್ಕದ ಮನೆಯವರ ನಿದ್ದೆ ಕೆಡುತ್ತದಾ, ಮಳೆಗಾಲ ಕಳೆದ ಮೇಲೆ ಟ್ಯಾಂಕ್ ಉಳಿಯುತ್ತದಾ – ಈ ಮೂರಕ್ಕೂ ಎಚ್‌ಪಿಯಲ್ಲಿ ಉತ್ತರ ಇಲ್ಲ.

ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರಿಗೆ ಈ ಲೇಖನ. ಕಾರ್ ಶೆಡ್ಡಿನ ಮೂಲೆಯಲ್ಲಿ ಪ್ಲೈವುಡ್ ಕೆಲಸ ಮಾಡುವವರು, ಬೈಕ್ ಬಿಚ್ಚಿ ಜೋಡಿಸುವವರು, ಚೌತಿ ಗಣಪತಿಗೋ ಹುಲಿವೇಷದ ತಲೆಗೋ ಏರ್‌ಬ್ರಷ್ ಹಿಡಿಯುವವರು. ಗ್ಯಾರೇಜ್ ನಡೆಸುವವರ ಲೆಕ್ಕ ಬೇರೆ, ಅದು ಇಲ್ಲಿಲ್ಲ.

ಹೆಜ್ಜೆ 1: ಮೊದಲು ಟೂಲ್ ಯಾವುದು ಅಂತ ಬರೆದುಕೊಳ್ಳಿ

ಗಾಳಿಯನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಒಂದು ಒತ್ತಡ. ಇದನ್ನು ಬಾರ್ ಅಥವಾ ಪಿಎಸ್‌ಐಯಲ್ಲಿ ಹೇಳುತ್ತಾರೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಇನ್ನೊಂದು, ನಿಮಿಷಕ್ಕೆ ಎಷ್ಟು ಗಾಳಿ ಅನ್ನುವುದು. ಇದು ಲೀಟರಿನಲ್ಲಿ ಇರುತ್ತದೆ, ಇಲ್ಲವೇ ಸಿಎಫ್‌ಎಂನಲ್ಲಿ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ 28.3 ಲೀಟರ್.

ಒತ್ತಡದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವರ್ಕ್‌ಶಾಪಿಗೆ ಅಂತ ಮಾರುವ ಸಣ್ಣ ಕಂಪ್ರೆಸರ್ ಕೂಡ ಸಾಮಾನ್ಯವಾಗಿ 8 ಬಾರ್ ಕೊಡುತ್ತದೆ. ಮನೆ ಕೆಲಸಕ್ಕೆ 6ರಿಂದ 7 ಬಾರ್ ಧಾರಾಳ. ಕೊರತೆ ಬೀಳುವುದು ಸಿಎಫ್‌ಎಂನಲ್ಲಿ.

ಯಾವುದಕ್ಕೆ ಎಷ್ಟು ಗಾಳಿ ಬೇಕು ಅಂತ ಒಂದು ಅಂದಾಜು ಇಲ್ಲಿದೆ:

- ಏರ್‌ಬ್ರಷ್: 1 ಸಿಎಫ್‌ಎಂ ಒಳಗೆ, ಒತ್ತಡ 15ರಿಂದ 30 ಪಿಎಸ್‌ಐ ಸಾಕು.
- ಬೈಕ್, ಕಾರಿನ ಟಯರ್: ಯಾವ ಕಂಪ್ರೆಸರ್ ಆದರೂ ನಡೆಯುತ್ತದೆ, ನೀವು ಸ್ವಲ್ಪ ಕಾಯಬೇಕು ಅಷ್ಟೆ.
- ಪ್ಲೈವುಡ್, ಬೀಡಿಂಗ್‌ಗೆ ಹೊಡೆಯುವ ನೇಲ್ ಗನ್: ಒಂದು ಮೊಳೆಗೆ ಒಂದೆರಡು ಲೀಟರ್ ಗಾಳಿ ಹಿಡಿದುಕೊಳ್ಳಿ. ಸಣ್ಣದು ಸಾಕು.
- ಕಪಾಟಿನ ಬಾಗಿಲಿಗೆ ಪಾಲಿಶ್ ಹೊಡೆಯುವ ಸಣ್ಣ ಸ್ಪ್ರೇ ಗನ್: 3ರಿಂದ 5 ಸಿಎಫ್‌ಎಂ.
- ಕಾರಿಗೆ ಪೇಂಟ್ ಹೊಡೆಯುವ ಎಚ್‌ವಿಎಲ್‌ಪಿ (ಗಾಳಿ ಜಾಸ್ತಿ, ಒತ್ತಡ ಕಡಿಮೆ) ಗನ್: 8ರಿಂದ 15 ಸಿಎಫ್‌ಎಂ.
- ಗಾಳಿಯಲ್ಲಿ ಓಡುವ ಸ್ಯಾಂಡರ್, ಗ್ರೈಂಡರ್: 6 ಸಿಎಫ್‌ಎಂನಿಂದ ಶುರು, ಅದೂ ಬಿಡದೆ.

ಧೂಳು ಊದುವ ಬ್ಲೋ ಗನ್ ಇದೆಯಲ್ಲ, ಅದು ನೋಡಲು ಸಣ್ಣದು, ಗಾಳಿ ಕುಡಿಯುವುದು ಮಾತ್ರ ಸಿಕ್ಕಾಪಟ್ಟೆ. 2 ಮಿ.ಮೀ. ತೂತಿನಿಂದ 6 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 200 ಲೀಟರಿಗಿಂತ ಜಾಸ್ತಿ ಗಾಳಿ ಹೋಗುತ್ತದೆ, ಅಂದರೆ 7 ಸಿಎಫ್‌ಎಂ ದಾಟಿತು. ಆದರೆ ಅದನ್ನು ಯಾರೂ ನಿಮಿಷಗಟ್ಟಲೆ ಒತ್ತಿ ಹಿಡಿಯುವುದಿಲ್ಲ. ಫುಸ್ ಫುಸ್ ಅಂತ ಎರಡು ಸಲ ಊದಿ ಬಿಡುತ್ತೇವೆ. ಹಾಗಾಗಿ ಟ್ಯಾಂಕಿನಲ್ಲಿ ಇದ್ದ ಗಾಳಿಯೇ ಸಾಕಾಗುತ್ತದೆ.

ಈ ಪಟ್ಟಿಯಲ್ಲಿ ಕೊನೆಯ ಎರಡು ನಿಮಗೆ ಬೇಕೇ ಬೇಕು ಅಂತಾದರೆ ಸಣ್ಣ, ಶಾಂತ ಕಂಪ್ರೆಸರಿನ ಆಸೆ ಬಿಡಿ. ಅಷ್ಟು ಗಾಳಿ ಕೊಡುವ ಮೆಷಿನ್ ಸಣ್ಣದೂ ಇರುವುದಿಲ್ಲ, ಶಾಂತವೂ ಇರುವುದಿಲ್ಲ. ನನ್ನ ಮಾತು ಕೇಳುವುದಾದರೆ ಸ್ಯಾಂಡರ್, ಗ್ರೈಂಡರ್ ಎರಡನ್ನೂ ಕರೆಂಟಿನದ್ದೇ ತೆಗೆದುಕೊಳ್ಳಿ. ಗೋಡೆಗೆ ಪೇಂಟ್ ಹೊಡೆಯಬೇಕಾದರೆ ಕಂಪ್ರೆಸರ್ ಬೇಡದ ಎಲೆಕ್ಟ್ರಿಕ್ ಸ್ಪ್ರೇಯರ್ ಸಿಗುತ್ತದೆ. ಕಾರಿನ ಪೂರ್ತಿ ಪೇಂಟಿಂಗ್ ಮನೆಯಲ್ಲಿ ಯಾಕೆ ಬೇಕು, ಹೇಳಿ?

ಹೆಜ್ಜೆ 2: ಸ್ಟಿಕ್ಕರಿನ ಸಿಎಫ್‌ಎಂ ನಂಬಬೇಡಿ

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುವ ಸಿಎಫ್‌ಎಂ ಹೆಚ್ಚಾಗಿ ಪಿಸ್ಟನ್ ಎಳೆದುಕೊಳ್ಳಬಹುದಾದ ಗಾಳಿಯ ಲೆಕ್ಕ. ಅಷ್ಟೂ ನಿಮಗೆ ಸಿಗುವುದಿಲ್ಲ. ಸಣ್ಣ ಪಿಸ್ಟನ್ ಕಂಪ್ರೆಸರಿನಲ್ಲಿ ಹೊರಗೆ ಬರುವುದು ಅದರ 60-70 ಶೇಕಡಾ ಅಂತ ಇಟ್ಟುಕೊಳ್ಳಿ. ಒತ್ತಡ ಏರಿದ ಹಾಗೆ ಅದೂ ಇಳಿಯುತ್ತದೆ. ಕ್ಯಾಟಲಾಗಿನಲ್ಲಿ 'ಎಫ್‌ಎಡಿ' ಅಂತ ಬೇರೆ ಅಂಕಿ ಇದ್ದರೆ ಅದನ್ನು ನೋಡಿ. ನಿಜವಾಗಿ ಸಿಗುವ ಗಾಳಿ ಅದು.

ಟ್ಯಾಂಕಿನ ಲೆಕ್ಕವೂ ಹೀಗೆಯೇ ತಪ್ಪುತ್ತದೆ. ದೊಡ್ಡ ಟ್ಯಾಂಕ್ ಇದ್ದರೆ ಗಾಳಿ ಜಾಸ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಟೆರೇಸಿನ ನೀರಿನ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಟ್ಯಾಂಕ್ ಎಷ್ಟು ದೊಡ್ಡದಾದರೂ ಬಾವಿಯ ಪಂಪು ನಿಮಿಷಕ್ಕೆ ಎತ್ತುವ ನೀರು ಅಷ್ಟೇ. ಒಮ್ಮೆ ಖಾಲಿಯಾದರೆ ತುಂಬಲು ಕಾಯುವುದೂ ಜಾಸ್ತಿ.

ಲೆಕ್ಕ ಸುಲಭ ಇದೆ. 24 ಲೀಟರಿನ ಟ್ಯಾಂಕ್ 8 ಬಾರಿನಿಂದ 6 ಬಾರಿಗೆ ಇಳಿದರೆ ನಿಮಗೆ ಸಿಕ್ಕಿದ ಗಾಳಿ 24 ಗುಣಿಸು 2, ಅಂದರೆ 48 ಲೀಟರ್. ನೇಲ್ ಗನ್ನಿಗೆ ಇದು ಇಪ್ಪತ್ತೈದು ಮೊಳೆಗೆ ಸಾಕು. ನಿಮಿಷಕ್ಕೆ 100 ಲೀಟರ್ ಬೇಡುವ ಸ್ಪ್ರೇ ಗನ್ನಿಗೆ ಅರ್ಧ ನಿಮಿಷವೂ ಇಲ್ಲ. ಆಮೇಲೆ ಮೋಟರ್ ಓಡುತ್ತಲೇ ಇರಬೇಕು.

ನೇಲ್ ಗನ್, ಬ್ಲೋ ಗನ್, ಟಯರ್, ಆಗಾಗ ಒಂದು ಬಾಗಿಲಿಗೆ ಪಾಲಿಶ್ – ಇಷ್ಟೇ ಕೆಲಸ ಅಂತಾದರೆ 24ರಿಂದ 30 ಲೀಟರಿನ ಟ್ಯಾಂಕ್, 6 ಬಾರಿನಲ್ಲಿ ನಿಜವಾಗಿ 2ರಿಂದ 3 ಸಿಎಫ್‌ಎಂ ಕೊಡುವ ಸುಮಾರು 1 ಎಚ್‌ಪಿ ಮೋಟರ್ ಸಾಕು. ಪಾಲಿಶ್ ಹೊಡೆಯುವಾಗ ನಡುನಡುವೆ ನಿಲ್ಲಿಸಬೇಕಾಗುತ್ತದೆ, ಅದಕ್ಕೆ ತಯಾರಿರಿ. ಏರ್‌ಬ್ರಷ್ ಮಾತ್ರ ಅಂದರೆ ಇದೂ ಬೇಡ. 3 ಲೀಟರಿನ ಟ್ಯಾಂಕ್ ಇರುವ ಏರ್‌ಬ್ರಷ್ ಕಂಪ್ರೆಸರ್ ಬೇರೆಯೇ ಬರುತ್ತದೆ. ಅದು ಮೇಜಿನ ಮೇಲೆ ಇಟ್ಟುಕೊಳ್ಳುವಷ್ಟು ಸಣ್ಣದು, ಮಗು ಮಲಗಿರುವಾಗಲೂ ಓಡಿಸಬಹುದು.

ಹೆಜ್ಜೆ 3: ಶಬ್ದ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

"ಸೈಲೆಂಟ್ ಉಂಟು ಸಾರ್, ಶಬ್ದವೇ ಇಲ್ಲ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಶಬ್ದವೇ ಇಲ್ಲದ ಪಿಸ್ಟನ್ ಕಂಪ್ರೆಸರ್ ಇಲ್ಲ ಮಾರಾಯ್ರೇ. ಕಡಿಮೆ, ಜಾಸ್ತಿ ಅಷ್ಟೆ. ಆ ಕಡಿಮೆ ಜಾಸ್ತಿಯನ್ನು ಬಹುತೇಕ ತೀರ್ಮಾನ ಮಾಡುವುದು ಒಂದೇ ಅಂಕಿ. ಅದು ಮೋಟರ್ ಮೈಮೇಲಿನ ಪ್ಲೇಟಿನಲ್ಲಿ ಇರುತ್ತದೆ: ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು.

ಪ್ಲೇಟಿನಲ್ಲಿ 2800-2850 ಅಂತ ಇದ್ದರೆ ಅದು ಎರಡು ಪೋಲಿನ ಮೋಟರ್. ಪಿಸ್ಟನ್ ಸೆಕೆಂಡಿಗೆ ಹತ್ತಿರ ಹತ್ತಿರ ಐವತ್ತು ಸಲ ಮೇಲೆ ಕೆಳಗೆ ಹೋಗುತ್ತದೆ. 1400-1440 ಅಂತ ಇದ್ದರೆ ನಾಲ್ಕು ಪೋಲು, ಅದರ ಅರ್ಧ ವೇಗ. ಇನ್ನು ಕಾರ್ಬನ್ ಬ್ರಷ್ ಇರುವ ಮೋಟರ್ ಹಾಕಿದ ಅಗ್ಗದ ಕಂಪ್ರೆಸರ್‌ಗಳೂ ಇವೆ. ಅವು ಮಿಕ್ಸಿಯ ಹಾಗೆ ಕಿರುಚುತ್ತವೆ. ಅವನ್ನು ದೂರದಿಂದಲೇ ಕೈಮುಗಿದು ಬಿಡಿ.

ಅಂಗಡಿಯಲ್ಲಿ ನಿಮಗೆ ಎದುರಾಗುವುದು ಹೆಚ್ಚಾಗಿ ಮೂರು ಜಾತಿ.

ಮೊದಲನೆಯದು ಎಣ್ಣೆ ಹಾಕುವ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಪಂಪನ್ನು ಮೋಟರಿಗೇ ಜೋಡಿಸಿದ್ದು), 2800 ಆರ್‌ಪಿಎಂ. ಎರಡು ಚಕ್ರ, ಒಂದು ಹಿಡಿ, ಗಟ್ಟಿಮುಟ್ಟು. ಗಾಳಿ ಚೆನ್ನಾಗಿ ಕೊಡುತ್ತದೆ, ದುಡ್ಡೂ ಕಡಿಮೆ. ಶಬ್ದ ಹತ್ತಿರ ನಿಂತರೆ 85-95 ಡೆಸಿಬಲ್. ಮನೆ ಒತ್ತೊತ್ತಾಗಿ ಇರುವ ಕಡೆ ಇದು ಬೇಡವೇ ಬೇಡ.

ಎರಡನೆಯದು ಬೆಲ್ಟ್ ಡ್ರೈವ್. ಪಂಕ್ಚರ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಕೊಯಮತ್ತೂರಿನ ಎಲ್ಗಿಯಂಥ ಕಂಪನಿಗಳು ದಶಕಗಳಿಂದ ಮಾಡುತ್ತಾ ಬಂದ ಮಾಲು. ಬೆಲ್ಟಿನ ದೊಡ್ಡ ಚಕ್ರದಿಂದ ಪಂಪಿನ ವೇಗ ಇಳಿಯುತ್ತದೆ. ಹಾಗಾಗಿ ಶಬ್ದ ದಪ್ಪ, ಡಬಡಬ ಅಂತ. ಕಿವಿಗೆ ಚುಚ್ಚುವುದಿಲ್ಲ. ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಆದರೆ ಭಾರ, ಜಾಗ ಬೇಕು, ಬೆಲ್ಟಿಗೆ ಗಾರ್ಡ್ ಬೇಕು. ತೋಟದ ಮನೆ ಇದ್ದು ಹಿಂದೆ ಬೇರೆ ಶೆಡ್ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಮೂರನೆಯದು ಈಗ 'ಸೈಲೆಂಟ್' ಅಂತ ಮಾರುವ ಆಯಿಲ್ ಫ್ರೀ ಕಂಪ್ರೆಸರ್. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇರುವ ಜಾತಿಯದು. ಮೋಟರಿನ ಎರಡೂ ಬದಿಗೆ ಒಂದೊಂದು ಸಣ್ಣ ಪಿಸ್ಟನ್, 1400 ಆರ್‌ಪಿಎಂ, ಎಣ್ಣೆಯ ಬದಲು ಟೆಫ್ಲಾನ್ ರಿಂಗ್. ಶಬ್ದ 60-70 ಡೆಸಿಬಲ್. ಹತ್ತಿರ ನಿಂತು ಸ್ವಲ್ಪ ಗಟ್ಟಿ ಮಾತಾಡಿದರೆ ಕೇಳುತ್ತದೆ. ಎಣ್ಣೆ ಇಲ್ಲದ್ದರಿಂದ ಪಾಲಿಶಿನಲ್ಲಿ ಎಣ್ಣೆಯ ಹನಿಯಿಂದ ಏಳುವ ಸಣ್ಣ ಸಣ್ಣ ಕುಳಿಗಳ ತಾಪತ್ರಯವೂ ಇಲ್ಲ. ರಿಂಗ್ ಸವೆಯುತ್ತದೆ, ಒಂದು ದಿನ ಬದಲಿಸಬೇಕು. ಮನೆ ಬಳಕೆಗೆ ನಾನು ಹೇಳುವುದು ಇದನ್ನೇ.

ಈಗ ಡೆಸಿಬಲ್ ವಿಷಯ. 90ಕ್ಕೂ 65ಕ್ಕೂ ಮೂರರಲ್ಲಿ ಒಂದು ಪಾಲು ವ್ಯತ್ಯಾಸ ಅಂತ ಕಾಣುತ್ತದೆ, ಅಲ್ವಾ? ಹಾಗಲ್ಲ. 10 ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಶಬ್ದ ಸುಮಾರು ದುಪ್ಪಟ್ಟು ಅನ್ನಿಸುತ್ತದೆ. ಹಾಗಾಗಿ 90 ಅಂದರೆ 65ರ ಐದಾರು ಪಟ್ಟು ಗಲಾಟೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ.

ಇದನ್ನು ನಮ್ಮ ಜಾಗಕ್ಕೆ ಹಾಕಿ ನೋಡಿ. ಮಂಗಳೂರಿನಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಅಂದರೆ ಜಾಗದ ಒಂದೊಂದು ಬದಿ ಸುಮಾರು 14 ಮೀಟರ್. ನಿಮ್ಮ ಶೆಡ್ಡಿನಿಂದ ಪಕ್ಕದವರ ಕಿಟಕಿಗೆ 4 ಮೀಟರ್ ಇದ್ದರೆ ಜಾಸ್ತಿ. 1 ಮೀಟರಿನಲ್ಲಿ 65 ಡೆಸಿಬಲ್ ಇರುವ ಕಂಪ್ರೆಸರ್ ಅಲ್ಲಿ 53 ಆಗುತ್ತದೆ. 90 ಇರುವುದು 78ರಲ್ಲಿ ನಿಲ್ಲುತ್ತದೆ. ಅದು 55ಕ್ಕಿಂತ ಕೆಳಗೆ ಬರಬೇಕಾದರೆ 60 ಮೀಟರಿನ ಆಚೆ ಹೋಗಬೇಕು. ಅಷ್ಟರಲ್ಲಿ ನಾಲ್ಕು ಮನೆ ದಾಟಿರುತ್ತದೆ.

55 ಅಂತ ಯಾಕೆ ಹೇಳಿದೆ ಅಂದರೆ, ಕೇಂದ್ರ ಸರಕಾರದ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯ ಮಿತಿ 45. ರಾತ್ರಿ ಅಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಶಾಂತ ಕಂಪ್ರೆಸರ್ ಕೂಡ ರಾತ್ರಿ ಮಿತಿಗೆ ಸುಲಭವಾಗಿ ಬರುವುದಿಲ್ಲ. ಹಾಗಾಗಿ ಹತ್ತರ ಮೇಲೆ ಕೆಲಸ ನಿಲ್ಲಿಸಿ. ಕದ್ರಿ, ಬಿಜೈ ಕಡೆಯ ಫ್ಲ್ಯಾಟಿನಲ್ಲಿ ಇರುವವರಿಗೆ ಇನ್ನೊಂದು ತೊಂದರೆ ಇದೆ. ಅಲ್ಲಿ ಗಾಳಿಯಲ್ಲಿ ಹೋಗುವ ಶಬ್ದಕ್ಕಿಂತ ನೆಲದ ಮೂಲಕ ಇಳಿಯುವ ನಡುಕವೇ ಕೆಳಗಿನ ಮನೆಯವರನ್ನು ಮೇಲೆ ಕರೆತರುತ್ತದೆ. ಅವರು ಮೇಲೆ ಬರುವ ಮೊದಲು ನೀವೇ ಒಮ್ಮೆ ಕೆಳಗೆ ಹೋಗಿ, ಓಡುವಾಗ ಹೇಗೆ ಕೇಳುತ್ತದೆ ಅಂತ ನೋಡಿ ಬನ್ನಿ.

ಒಂದು ಎಚ್ಚರಿಕೆ. ಡಬ್ಬದ ಮೇಲೆ '58 ಡೆಸಿಬಲ್' ಅಂತ ಬರೆದು ಎಷ್ಟು ದೂರದಲ್ಲಿ ಅಳೆದದ್ದು ಅಂತ ಬರೆಯದೆ ಇದ್ದರೆ ಆ ಅಂಕಿಗೆ ಬೆಲೆ ಇಲ್ಲ. 4 ಮೀಟರ್ ಹಿಂದೆ ನಿಂತು ಅಳೆದರೆ 70ರದ್ದೂ 58 ಆಗಿಬಿಡುತ್ತದೆ.

ಹೆಜ್ಜೆ 4: ಕರೆಂಟು

1 ಎಚ್‌ಪಿ ಮೋಟರ್ ಓಡುವಾಗ ಹೆಚ್ಚುಕಡಿಮೆ 5 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಹಾಗಾಗಿ ಫ್ಯಾನಿನ ಪಕ್ಕದ ಸಣ್ಣ ಪ್ಲಗ್ಗಿಗೆ ಹಾಕಬೇಡಿ, ಪವರ್ ಪ್ಲಗ್ಗೇ ಬೇಕು. ಮನೆಯ ಇನ್ವರ್ಟರಿನಲ್ಲಿ ಓಡಿಸುವ ಯೋಚನೆಯೂ ಬೇಡ.

ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಅಂಗಳದ ಆ ತುದಿಗೆ ಕಂಪ್ರೆಸರ್ ಒಯ್ಯುವವರಿದ್ದಾರೆ. ತೆಳು ವಯರಿನಲ್ಲಿ ವೋಲ್ಟೇಜ್ ಇಳಿದು ಮೋಟರ್ ಏಳದೆ 'ಊಂ' ಅಂತ ನಿಲ್ಲುತ್ತದೆ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಕಂಪ್ರೆಸರನ್ನು ಪ್ಲಗ್ಗಿನ ಹತ್ತಿರ ಇಟ್ಟು ಗಾಳಿಯ ಪೈಪನ್ನೇ ಉದ್ದ ಮಾಡಿ. ವಯರ್ ಉದ್ದ ಮಾಡಲೇಬೇಕಾದರೆ 2.5 ಚದರ ಮಿ.ಮೀ.ನದ್ದು ಹಾಕಿ.

ಮಳೆಗಾಲದಲ್ಲಿ ಒಂದು ಅಭ್ಯಾಸ ಇಟ್ಟುಕೊಳ್ಳಬೇಕು. ಗಾಳಿ ಮಳೆಗೆ ಎಲ್ಲೋ ಮರ ಬಿದ್ದು ಮೆಸ್ಕಾಂನ ಕರೆಂಟು ಹೋಯಿತು, ಆಗ ಕಂಪ್ರೆಸರ್ ಓಡುತ್ತಿತ್ತು ಅಂತಿಟ್ಟುಕೊಳ್ಳಿ. ಟ್ಯಾಂಕ್ ತುಂಬಿ ಪ್ರೆಶರ್ ಸ್ವಿಚ್ಚಿನಿಂದ ತಾನಾಗಿ ನಿಂತಾಗ 'ಟಿಸ್' ಅಂತ ಒಂದು ಶಬ್ದ ಬರುತ್ತದಲ್ಲ, ಅದು ಪಿಸ್ಟನ್ ತಲೆಯ ಮೇಲಿನ ಗಾಳಿ ಹೊರಗೆ ಹೋಗುವುದು. ಕರೆಂಟು ಹೋಗಿ ನಿಂತಾಗ ಆ ಗಾಳಿ ಹೋಗುವುದಿಲ್ಲ. ಕರೆಂಟು ಬಂದ ಕೂಡಲೇ ಮೋಟರ್ ಆ ಒತ್ತಡದ ಎದುರು ಏಳಬೇಕು. ಏಳುವುದಿಲ್ಲ, ಟ್ರಿಪ್ ಆಗುತ್ತದೆ, ಇಲ್ಲವೇ ಬಿಸಿಯಾಗುತ್ತದೆ. ಕರೆಂಟು ಹೋದ ಕೂಡಲೇ ಪ್ರೆಶರ್ ಸ್ವಿಚ್ಚಿನ ಮೇಲಿನ ಗುಂಡಿಯನ್ನು ಆಫ್ ಮಾಡಿ. 'ಟಿಸ್' ಕೇಳಿದರೆ ಸರಿಯಾಯಿತು.

ಹೆಜ್ಜೆ 5: ನೀರು, ನಮ್ಮೂರಿನ ದೊಡ್ಡ ಶತ್ರು

ಒಣ ಹವೆಯ ಊರಿನಲ್ಲಿ ಇರುವವರು ವಿಡಿಯೊ ಮಾಡಿ ಹೇಳುವ ಸಲಹೆಗಳು ಈ ವಿಷಯದಲ್ಲಿ ನಮಗೆ ಸಾಕಾಗುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕೋಣ.

30 ಡಿಗ್ರಿ ಸೆಕೆ, ಗಾಳಿಯಲ್ಲಿ ತೇವ 80 ಶೇಕಡಾ. ನಮಗೆ ಇದು ದಿನನಿತ್ಯದ ಹವೆ. ಇಂಥ 1000 ಲೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಅದನ್ನು 8 ಬಾರಿಗೆ ಒತ್ತಿದರೆ ಗಾಳಿ ಒಂಬತ್ತರಲ್ಲಿ ಒಂದು ಪಾಲಿನ ಜಾಗಕ್ಕೆ ಇಳಿಯುತ್ತದೆ. ತಣಿದ ಮೇಲೆ ಅಷ್ಟು ಜಾಗದ ಗಾಳಿ ಹಿಡಿದಿಟ್ಟುಕೊಳ್ಳುವುದು 3-4 ಗ್ರಾಂ ಮಾತ್ರ. ಉಳಿದ 20 ಗ್ರಾಂ? ನೀರಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ನಿಮಿಷಕ್ಕೆ 70 ಲೀಟರ್ ಕೊಡುವ ಸಣ್ಣ ಕಂಪ್ರೆಸರ್ ಕಾಲು ಗಂಟೆ ಓಡಿದರೆ ನಾಲ್ಕು ಚಮಚ ನೀರು!

ಟ್ಯಾಂಕ್ ಕಬ್ಬಿಣದ್ದು. ಹೊರಗಿನ ಬಣ್ಣ ಹೊಳೆಯುತ್ತಾ ಇರುತ್ತದೆ, ಒಳಗೆ ತಳ ತಿನ್ನುತ್ತಾ ಹೋಗುತ್ತದೆ. ಒಂದು ದಿನ ಒತ್ತಡ ತಡೆಯದೆ ಒಡೆದರೆ ಸುಮ್ನೆ ಸೋರಿ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ.

ಹಾಗಾಗಿ ಕೊಳ್ಳುವಾಗಲೇ ಮಾಡಬೇಕಾದದ್ದು: ಕಂಪ್ರೆಸರನ್ನು ಮಗುಚಿ ತಳದ ಡ್ರೈನ್ (ನೀರು ಬಿಡುವ ಸ್ಕ್ರೂ) ನೋಡಿ. ಅದು ನಿಜವಾಗಿಯೂ ಅತ್ಯಂತ ಕೆಳಗೆ ಇದೆಯಾ? ಕೈ ಹಾಕಲು ಬರುತ್ತದಾ? ಕೆಲವದರಲ್ಲಿ ಎರಡು ಬೆರಳಿಗೂ ಜಾಗ ಇಲ್ಲದ ಹಾಗೆ ಕೊಟ್ಟಿರುತ್ತಾರೆ. ಅಂಥದ್ದನ್ನು ನೀವು ಎರಡು ವಾರ ಬಿಚ್ಚುತ್ತೀರಿ, ಆಮೇಲೆ ಬಿಟ್ಟುಬಿಡುತ್ತೀರಿ. ಡ್ರೈನ್ ತೆಗೆದು ಒಂದು ಸಣ್ಣ ಬಾಲ್ ವಾಲ್ವ್ ಹಾಕಿಸಿಕೊಂಡರೆ ಒಂದು ತಿರುಗಿಸು, ಮುಗಿಯಿತು. ಕಂಪ್ರೆಸರಿನ ಜೊತೆಗೇ ಆ ವಾಲ್ವನ್ನೂ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಟ್ಯಾಂಕ್ ಸಿಕ್ಕಿ ಬಜೆಟ್ಟಿಗೆ ಹೊಂದಿದರೆ ಬಿಡಬೇಡಿ. ಮಲ್ಪೆ, ಉಳ್ಳಾಲ, ಕಾಪು ಕಡೆ ಸಮುದ್ರದ ಉಪ್ಪುಗಾಳಿ ಬೀಸುವಲ್ಲಿ ಮನೆ ಇರುವವರಿಗಂತೂ ಕೊಟ್ಟ ದುಡ್ಡು ಮೋಸ ಇಲ್ಲ.

ಕೆಲಸ ಮುಗಿದ ದಿನವೇ ನೀರು ಬಿಡಿ. ಒತ್ತಡ 1 ಬಾರಿಗೆ ಇಳಿಸಿ, ಟ್ಯಾಂಕನ್ನು ಸ್ವಲ್ಪ ವಾಲಿಸಿ, ವಾಲ್ವ್ ತೆರೆಯಿರಿ. ಪೂರ್ತಿ 8 ಬಾರ್ ಇರುವಾಗ ತೆರೆದರೆ ಕಣ್ಣಿಗೆ ಕೆಸರು. ಬರುವ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಒಳಗೆ ತುಕ್ಕು ಶುರುವಾಗಿದೆ ಅಂತ ಲೆಕ್ಕ.

ಪೈಪಿನಲ್ಲಿ ಬರುವ ನೀರಿಗೆ ವಾಟರ್ ಫಿಲ್ಟರ್ ಬೇಕು. ಅದನ್ನು ಕಂಪ್ರೆಸರಿನ ಬಾಯಿಗೇ ಸಿಕ್ಕಿಸಿದರೆ ಹೆಚ್ಚು ಪ್ರಯೋಜನ ಇಲ್ಲ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಐದಾರು ಮೀಟರ್ ಪೈಪು ದಾಟಿ ಗಾಳಿ ತಣಿದ ಮೇಲೆ, ಗನ್ನಿನ ಹತ್ತಿರ ಹಾಕಿ. ಇಷ್ಟೆಲ್ಲ ಮಾಡಿದರೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ಪಾಲಿಶ್ ಹೊಡೆದರೆ ಬೆಳ್ಳಗಾಗುತ್ತದೆ. ಅದು ಕಂಪ್ರೆಸರಿನ ತಪ್ಪಲ್ಲ. ತಿನ್ನರ್ ಆರುವಾಗ ಮರದ ಮೇಲ್ಮೈ ತಣ್ಣಗಾಗಿ ಹೊರಗಿನ ತೇವ ಅದರ ಮೇಲೆ ಕೂರುತ್ತದೆ. ಬಿಸಿಲು ಬರುವ ತನಕ ಕಾಯಿರಿ.

ಎಣ್ಣೆ ಹಾಕುವ ಕಂಪ್ರೆಸರ್ ಇದ್ದವರು ಮಳೆಗಾಲದಲ್ಲಿ ಎಣ್ಣೆ ನೋಡುವ ಗಾಜಿನ ಕಡೆ ಒಂದು ಕಣ್ಣಿಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಿಸಿ. ಎರಡೆರಡು ನಿಮಿಷ ಓಡಿಸಿ ನಿಲ್ಲಿಸುವುದರಿಂದಲೇ ಇದು ಆಗುವುದು. ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿದರೆ ಸೇರಿದ ನೀರು ಆವಿಯಾಗಿ ಹೋಗುತ್ತದೆ.

ಹೆಜ್ಜೆ 6: ಅಂಗಡಿಯಲ್ಲಿ ಓಡಿಸಿ ನೋಡಿ

ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತದೆ, ನಿಜ. ಆದರೆ ಶಬ್ದ ಕೇಳದೆ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮಂಗಳೂರಿನ ಬಂದರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಉಡುಪಿಯವರು ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ವಿಚಾರಿಸಿ. "ಒಮ್ಮೆ ಓಡಿಸಿ ತೋರಿಸಿ ಅಣ್ಣಾ" ಅಂದರೆ ಮುಖ ತಿರುಗಿಸುವ ಅಂಗಡಿಯಲ್ಲಿ ನಿಮಗೆ ಕೆಲಸ ಇಲ್ಲ.

ಓಡಿಸಿದಾಗ ಫೋನಿನ ಸ್ಟಾಪ್‌ವಾಚ್ ಹಿಡಿಯಿರಿ. ಮುಳ್ಳು 5 ಬಾರಿಗೆ ಬಂದಾಗ ಶುರು ಮಾಡಿ, 7ಕ್ಕೆ ಬಂದಾಗ ನಿಲ್ಲಿಸಿ. 24 ಲೀಟರಿನ ಟ್ಯಾಂಕಿನಲ್ಲಿ ಅದು 48 ಲೀಟರ್ ಗಾಳಿ. 45 ಸೆಕೆಂಡ್ ತೆಗೆದುಕೊಂಡರೆ ನಿಮಿಷಕ್ಕೆ 64 ಲೀಟರ್, ಅಂದರೆ 2.3 ಸಿಎಫ್‌ಎಂ ಹತ್ತಿರ. ಡಬ್ಬದ ಮೇಲೆ 4 ಅಂತ ಇದ್ದರೂ ನಿಮ್ಮ ಲೆಕ್ಕ 2.3ರದ್ದೇ. ಅಂಗಡಿಯವರ ಜೊತೆ ಜಗಳ ಬೇಡ, ಚೌಕಾಸಿಗೆ ಇದು ಸಾಕು.

ಅದೇ ಹೊತ್ತಿಗೆ 1 ಮೀಟರ್ ದೂರ ನಿಂತು ಫೋನಿನ ಡೆಸಿಬಲ್ ಆ್ಯಪಿನಲ್ಲಿ ನೋಡಿ. ಫೋನಿನ ಅಂಕಿ ಕರಾರುವಾಕ್ ಅಲ್ಲ. ಆದರೆ ಒಂದೇ ಫೋನಿನಿಂದ ಎರಡು ಮೆಷಿನ್ ಅಳೆದರೆ ಯಾವುದು ಗಲಾಟೆ ಅಂತ ಗೊತ್ತಾಗುತ್ತದೆ. ಖಾಲಿ ಟ್ಯಾಂಕಿನಲ್ಲಿ ಅಳೆಯಬೇಡಿ, 6 ಬಾರ್ ದಾಟಿದ ಮೇಲೆ ಅಳೆಯಿರಿ. ಭಾರ ಬಿದ್ದಾಗಲೇ ನಿಜವಾದ ಸ್ವರ ಬರುವುದು.

ತಾನಾಗಿ ನಿಂತ ಮೇಲೆ ಹತ್ತು ನಿಮಿಷ ಬಿಟ್ಟು ಮುಳ್ಳು ನೋಡಿ. ಟ್ಯಾಂಕ್ ತಣಿಯುವಾಗ ಮುಳ್ಳು ಒಂದು ಚೂರು ಇಳಿಯುವುದು ಸಹಜ. ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ಸೇಫ್ಟಿ ವಾಲ್ವಿನ ಉಂಗುರ ಎಳೆದು ನೋಡಿ, ಗಾಳಿ ಭುಸ್ ಅಂತ ಬರಬೇಕು, ಬಿಟ್ಟಾಗ ಪೂರ್ತಿ ಮುಚ್ಚಬೇಕು.

ಕೇಳಬೇಕಾದ ಪ್ರಶ್ನೆ ಮೂರೇ. ವೈಂಡಿಂಗ್ ತಾಮ್ರದ್ದಾ? ಬಿಡದೆ ಎಷ್ಟು ಹೊತ್ತು ಓಡಿಸಬಹುದು? ಪಿಸ್ಟನ್ ರಿಂಗ್, ಪ್ರೆಶರ್ ಸ್ವಿಚ್, ನಾನ್ ರಿಟರ್ನ್ ವಾಲ್ವ್, ಕೆಪಾಸಿಟರ್ ಇಲ್ಲಿ ಸಿಗುತ್ತದಾ? ಸಣ್ಣ ಕಂಪ್ರೆಸರ್ ಹತ್ತು ನಿಮಿಷದಲ್ಲಿ ಐದು ನಿಮಿಷ ಓಡಿ ಐದು ನಿಮಿಷ ತಣಿಯಬೇಕು ಅನ್ನುವುದು ಸಾಮಾನ್ಯ ಲೆಕ್ಕ. "ಇಡೀ ದಿನ ಓಡಿಸಿ ಸಾರ್" ಅಂದರೆ ನಂಬಬೇಡಿ. ಬಿಡಿಭಾಗದ ಬಗ್ಗೆ "ಕಂಪನಿಗೆ ಕಳಿಸಬೇಕು" ಅನ್ನುವ ಉತ್ತರ ಬಂದರೆ ನಾನಂತೂ ಬೇರೆ ಮಾಡೆಲ್ ನೋಡುತ್ತೇನೆ.

ಹಳೆಯದು ಸಿಗುತ್ತದೆ, ಅರ್ಧ ಬೆಲೆ ಅಂತ ಯಾರಾದರೂ ಹೇಳಿದರೆ ಟ್ಯಾಂಕಿನ ತಳದ ನೀರು ಬಿಟ್ಟು ನೋಡಿ, ವೆಲ್ಡಿಂಗ್ ಮಾಡಿದ ತೇಪೆ ಇದೆಯಾ ನೋಡಿ. ತೇಪೆ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಳೆ ಫ್ರಿಜ್ಜಿನ ಕಂಪ್ರೆಸರಿಗೆ ಗ್ಯಾಸ್ ಸಿಲಿಂಡರ್ ಕಟ್ಟಿ ಮನೆಯಲ್ಲೇ ಮಾಡಿಕೊಳ್ಳುವ ವಿಡಿಯೊಗಳಿವೆ. ಫ್ರಿಜ್ಜಿನದ್ದು ಶಬ್ದ ಮಾಡುವುದಿಲ್ಲ, ಅದು ನಿಜ. ಗಾಳಿ ತೀರಾ ಕಡಿಮೆ, ಜೊತೆಗೆ ಎಣ್ಣೆ ಉಗುಳುತ್ತದೆ. ಸೇಫ್ಟಿ ವಾಲ್ವ್ ಇಲ್ಲದೆ ಕಟ್ಟಿದ್ದು ಬಾಂಬಿಗೆ ಸಮ.

ಹೆಜ್ಜೆ 7: ಮನೆಯಲ್ಲಿ ಎಲ್ಲಿಡಬೇಕು

ತಗಡಿನ ಶೀಟಿನ ಶೆಡ್ಡಿನಲ್ಲಿ ಮೂರು ಬದಿ ಕೆಂಪು ಕಲ್ಲಿನ ಗೋಡೆ ಇದ್ದರೆ ಶಬ್ದ ಅಲ್ಲೇ ತಿರುಗಿ ತಿರುಗಿ ದೊಡ್ಡದಾಗುತ್ತದೆ. ಅಂಗಡಿಯಲ್ಲಿ ಕೇಳಿದ್ದಕ್ಕಿಂತ ಮನೆಯಲ್ಲಿ ಜಾಸ್ತಿ ಅನ್ನಿಸುವುದು ಅದಕ್ಕೇ. ಮೂಲೆಯಲ್ಲಿ ಇಡಬೇಡಿ. ಗೋಡೆಯಿಂದ ಒಂದಡಿ ದೂರ ಇಡಿ. ಕಾಲಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ತುಂಡು ಹಾಕಿ. ಹಳೆ ಟಯರಿನ ತುಂಡೂ ಆಗುತ್ತದೆ.

ಪಿಸ್ಟನ್ ಗಾಳಿ ಎಳೆಯುವ ಬಾಯಿಯಿಂದಲೇ ಶಬ್ದದ ದೊಡ್ಡ ಪಾಲು ಹೊರಗೆ ಬರುತ್ತದೆ. ಅಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಫಿಲ್ಟರ್ ಇರುತ್ತದೆ. ಅದನ್ನು ಬಿಗಿಯಾಗಿ ಕೂರಿಸಿ, ಒಡೆದಿದ್ದರೆ ಬದಲಿಸಿ. ಮರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಶಬ್ದ ಇಳಿಯುತ್ತದೆ, ಆದರೆ ನಮ್ಮ ಸೆಕೆಗೆ ಮೋಟರ್ ಬೆಂದುಹೋಗುತ್ತದೆ. ಪೆಟ್ಟಿಗೆ ಮಾಡುವುದಾದರೆ ಕೆಳಗಿನಿಂದ ಗಾಳಿ ಬಂದು ಮೇಲಿನಿಂದ ಹೋಗುವ ಹಾಗೆ ದಾರಿ ಬಿಟ್ಟು ಒಂದು ಫ್ಯಾನ್ ಇಡಬೇಕು. ಅದರ ಬದಲು ಕಂಪ್ರೆಸರನ್ನು ಗೋಡೆಯ ಆಚೆ, ಮಳೆ ಎರಚದ ಸೂರಿನ ಕೆಳಗೆ ಇಟ್ಟು ಪೈಪನ್ನು ಮಾತ್ರ ಒಳಗೆ ತಂದರೆ ನಿಮಗೆ ಶಬ್ದ ಇಲ್ಲ. ಪಕ್ಕದ ಮನೆಯ ಕಡೆಯ ಗೋಡೆ ಆರಿಸಬೇಡಿ ಅಷ್ಟೆ. ಪೇಂಟ್ ಹೊಡೆಯುವವರಿಗೂ ಇದೇ ಒಳ್ಳೆಯದು. ಪ್ರೆಶರ್ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ, ತಿನ್ನರಿನ ಆವಿ ಅದರ ಹತ್ತಿರ ಸುಳಿಯಬಾರದು.

ಗೋಡೆಯೊಳಗೆ ಗಾಳಿಯ ಲೈನ್ ಎಳೆಯಲು ನೀರಿನ ಪಿವಿಸಿ ಪೈಪ್ ಬಳಸಬೇಡಿ. ಒತ್ತಡದಲ್ಲಿ ಒಡೆದರೆ ಚೂರುಗಳು ಚಾಕುವಿನ ಹಾಗೆ ಹಾರುತ್ತವೆ. 8 ಮಿ.ಮೀ. ಪಿಯು ಪೈಪ್, ಪಿತ್ತಾಳೆಯ ಕಪ್ಲರ್, ಟೆಫ್ಲಾನ್ ಟೇಪ್ ಸಾಕು. ಇವಕ್ಕೆ, ಫಿಲ್ಟರ್ ರೆಗ್ಯುಲೇಟರಿಗೆ ಅಂತ ಬಜೆಟ್ಟಿನಲ್ಲಿ ಸ್ವಲ್ಪ ದುಡ್ಡು ಮೊದಲೇ ತೆಗೆದಿಡಿ.

ಮೊದಲ ದಿನ

ಎಲ್ಲ ಜೋಡಿಸಿದ ಮೇಲೆ ಪ್ರತಿ ಜಾಯಿಂಟಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. 1 ಮಿ.ಮೀ.ನ ಒಂದು ತೂತು 6 ಬಾರಿನಲ್ಲಿ ನಿಮಿಷಕ್ಕೆ 50-60 ಲೀಟರ್ ಗಾಳಿ ಕಳೆಯುತ್ತದೆ. ಸಣ್ಣ ಕಂಪ್ರೆಸರ್ ಕೊಡುವುದೇ ಹತ್ತಿರ ಹತ್ತಿರ ಅಷ್ಟು. ಸೋರಿಕೆ ಇದ್ದರೆ ನೀವು ಟೂಲ್ ಮುಟ್ಟದಿದ್ದರೂ ಮೋಟರ್ ಓಡುತ್ತಲೇ ಇರುತ್ತದೆ.

ಎಣ್ಣೆಯದ್ದಾದರೆ ಎಣ್ಣೆ ಹಾಕಿದ್ದಾರಾ, ಸಾಗಿಸುವಾಗ ಹಾಕಿದ ಪ್ಲಾಸ್ಟಿಕ್ ಬಿರಡೆ ತೆಗೆದು ಉಸಿರಾಡುವ ಬಿರಡೆ ಹಾಕಿದ್ದಾರಾ ನೋಡಿ. ಕಂಪ್ರೆಸರ್ ಎಣ್ಣೆಯೇ ಬೇಕು, ಬೈಕಿನ ಎಂಜಿನ್ ಆಯಿಲ್ ಉಳಿದಿದೆ ಅಂತ ಸುರಿಯಬೇಡಿ. ಡ್ರೈನ್ ತೆರೆದಿಟ್ಟು ಒಂದು ಕಾಲು ಗಂಟೆ ಭಾರ ಇಲ್ಲದೆ ಓಡಿಸಿ, ಆಮೇಲೆ ಮುಚ್ಚಿ ಒತ್ತಡ ಏರಿಸಿ.

ಬ್ಲೋ ಗನ್ ಹಿಡಿದಾಗ ಕನ್ನಡಕ ಹಾಕಿ. ಬಟ್ಟೆಯ ಧೂಳು ಹೊಡೆಯಲು ಮೈಗೆ ಗಾಳಿ ಬಿಟ್ಟುಕೊಳ್ಳುವ ಅಭ್ಯಾಸ ಬೇಡ, ಚರ್ಮದ ಗಾಯದ ಮೂಲಕ ಗಾಳಿ ಒಳಗೆ ಹೋದರೆ ಪ್ರಾಣಕ್ಕೇ ಅಪಾಯ. ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ.

ಬಿಲ್ಲಿನ ಫೋಟೊ ಅವತ್ತೇ ತೆಗೆದಿಡಿ. ಥರ್ಮಲ್ ಪೇಪರಿನ ಅಕ್ಷರ ನಮ್ಮ ಸೆಕೆಗೆ ವಾರಂಟಿ ಮುಗಿಯುವ ಮೊದಲೇ ಮಾಸಿ ಹೋಗುತ್ತದೆ.